ಘಾಟಿಯಲ್ಲಿ ಆಟೊಮ್ಯಾಟಿಕ್ ಕಾರು ಮೂರು–ನಾಲ್ಕರ ನಡುವೆ ಓಲಾಡುವುದೇಕೆ? ಗೇರ್ ಬದಲಿಸುವ ತೀರ್ಮಾನ ಯಾರದು?

ಪ್ರಶ್ನೆ: ಆರು ತಿಂಗಳ ಹಿಂದೆ ಆರು ಗೇರಿನ, ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಇರುವ 1.5 ಲೀಟರ್ ಪೆಟ್ರೋಲ್ ಆಟೊಮ್ಯಾಟಿಕ್ ಕಾರು ಕೊಂಡೆ. ಊರು ಹಾಸನ. ಐದು ಜನ ಕೂತು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಕಾರು ಮೂರನೇ ಗೇರಿಗೂ ನಾಲ್ಕನೇ ಗೇರಿಗೂ ನಡುವೆ ಒಂದೇ ಸಮನೆ ಓಲಾಡುತ್ತದೆ. ಇಳಿಯುವಾಗ ಮೇಲಿನ ಗೇರಿಗೆ ಹೋಗಿ ಜಾರಿಕೊಂಡು ಓಡುತ್ತದೆ, ಬ್ರೇಕಿನಿಂದ ಕಾಲು ತೆಗೆಯುವ ಹಾಗಿಲ್ಲ. ಚಳಿಗಾಲದ ಬೆಳಗ್ಗೆ ಮೊದಲ ಎರಡು ಕಿಲೋಮೀಟರು ಇಂಜಿನ್ ಕೂಗಿದರೂ ಗೇರ್ ಏರುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ‘ಎಲ್ಲ ನಾರ್ಮಲ್’ ಎಂದು ಕಳಿಸಿದರು. ಗೇರ್ ಯಾವಾಗ ಬದಲಿಸಬೇಕೆಂದು ತೀರ್ಮಾನಿಸುವುದು ಯಾರು, ಯಾವ ಲೆಕ್ಕದಲ್ಲಿ? ನನ್ನ ಗೇರ್‌ಬಾಕ್ಸಿನಲ್ಲಿ ದೋಷವಿದೆಯೇ?

ಉತ್ತರ: ನೀವು ಬರೆದಿರುವ ಮೂರೂ ಲಕ್ಷಣಗಳು ಕೆಟ್ಟ ಗೇರ್‌ಬಾಕ್ಸಿನವಲ್ಲ. ಆದರೆ ‘ನಾರ್ಮಲ್’ ಎಂದಷ್ಟೇ ಹೇಳಿ ಕಳಿಸಿದ್ದು ಸಾಲದು, ಏಕೆಂದರೆ ಘಾಟಿಯಲ್ಲಿ ನೀವು ಮಾಡಬೇಕಾದ ಕೆಲಸವೊಂದಿದೆ, ಅದನ್ನು ಅವರು ಹೇಳಬೇಕಿತ್ತು.

ಗೇರ್‌ಬಾಕ್ಸಿಗೆ ಕಣ್ಣಿಲ್ಲ. ಮುಂದೆ ತಿರುವಿದೆ, ಏರು ಇನ್ನೂ ನಾಲ್ಕು ಕಿಲೋಮೀಟರಿದೆ, ಎದುರಿಗೆ ಟ್ಯಾಂಕರ್ ತೆವಳುತ್ತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದು ಮುಖ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ? ಚಾಲಕರ ಕಾಲು ಎಷ್ಟು ಎಳೆತ ಕೇಳುತ್ತಿದೆ? ಉಳಿದ ಮಾಹಿತಿಯೆಲ್ಲ ಈ ಎರಡು ಉತ್ತರಗಳನ್ನು ಅಷ್ಟಿಷ್ಟು ತಿದ್ದಲು ಬಳಕೆಯಾಗುತ್ತದೆ.

ಒಂದು ಹಾಳೆಯ ಮೇಲೆ ನಕ್ಷೆ ಬರೆದುಕೊಳ್ಳಿ. ಅಡ್ಡಗೆರೆಯ ಮೇಲೆ ಕಾರಿನ ವೇಗ, ನಿಂತ ಗೆರೆಯ ಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದರ ಶೇಕಡಾ ಲೆಕ್ಕ. ಈಗ ಎಡದ ಕೆಳಗಿನಿಂದ ಬಲದ ಮೇಲಕ್ಕೆ ಓರೆಯಾಗಿ ಏರುವ ಕೆಲವು ಗೆರೆ ಎಳೆಯಿರಿ: ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಹೀಗೆ ಆರರವರೆಗೆ. ಕಾರು ಓಡುವಾಗ ಅದರ ಸ್ಥಿತಿ ಈ ಹಾಳೆಯ ಮೇಲೆ ಸರಿದಾಡುವ ಒಂದು ಚುಕ್ಕಿ. ವೇಗ ಹೆಚ್ಚಿದರೆ ಚುಕ್ಕಿ ಬಲಕ್ಕೆ ಹೋಗುತ್ತದೆ, ಕಾಲು ಒತ್ತಿದರೆ ಮೇಲಕ್ಕೆ. ಚುಕ್ಕಿ ಎಡದಿಂದ ಬಲಕ್ಕೆ ಗೆರೆ ದಾಟಿದರೆ ಗೇರ್ ಏರುತ್ತದೆ. ಗೆರೆ ಓರೆಯಾಗಿರುವುದರಿಂದ, ಹಗುರವಾಗಿ ಒತ್ತಿದಾಗ ಕಡಿಮೆ ವೇಗದಲ್ಲೇ ಮೇಲಿನ ಗೇರ್ ಬೀಳುತ್ತದೆ, ಪೂರ್ತಿ ಒತ್ತಿದಾಗ ಇಂಜಿನ್ ಚೆನ್ನಾಗಿ ಏರಿದ ಮೇಲೆಯೇ ಬೀಳುತ್ತದೆ.

ಅಂಕಿ ಹಾಕಿ ನೋಡೋಣ. ಐಸಿನ್ ಕಂಪನಿಯ ಬಹಳ ಬಳಕೆಯಲ್ಲಿರುವ ಒಂದು ಆರು ಗೇರಿನ ಬಾಕ್ಸಿನಲ್ಲಿ ಅನುಪಾತಗಳು (ಬಾಕ್ಸಿನಿಂದ ಹೊರಬರುವ ಶಾಫ್ಟಿನ ಒಂದು ಸುತ್ತಿಗೆ ಒಳಹೋಗುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) ಹೀಗಿವೆ: ಒಂದನೇ ಗೇರ್ 4.148, ಎರಡು 2.370, ಮೂರು 1.556, ನಾಲ್ಕು 1.155, ಐದು 0.859, ಆರು 0.686. ನಿಮ್ಮ ಕಾರಿನವು ಸ್ವಲ್ಪ ಆಚೀಚೆ ಇರಬಹುದು, ಲೆಕ್ಕದ ದಾರಿ ಇದೇ. ಬಾಕ್ಸಿಗೂ ಚಕ್ರಕ್ಕೂ ನಡುವಿನ ಡಿಫರೆನ್ಷಿಯಲಿನ ಅನುಪಾತ 4 ಎಂದೂ, ಟೈರು ಒಂದು ಸುತ್ತಿಗೆ 2 ಮೀಟರ್ ಸಾಗುತ್ತದೆ ಎಂದೂ ಹಿಡಿಯಿರಿ. ಆಗ ಇಂಜಿನ್ ನಿಮಿಷಕ್ಕೆ 1,000 ಸುತ್ತು, ಅಂದರೆ 1,000 ಆರ್‌ಪಿಎಂನಲ್ಲಿದ್ದರೆ ಎರಡನೇ ಗೇರಿನಲ್ಲಿ ಕಾರಿನ ವೇಗ ಗಂಟೆಗೆ ಸುಮಾರು 12.7 ಕಿ.ಮೀ., ಮೂರನೆಯದರಲ್ಲಿ 19.3, ನಾಲ್ಕನೆಯದರಲ್ಲಿ 26, ಆರನೆಯದರಲ್ಲಿ 43.7. ಊರೊಳಗೆ ಕಾಲು ಹಗುರವಾಗಿಟ್ಟು ಹೋಗುವಾಗ 24 ಕಿ.ಮೀ. ವೇಗದಲ್ಲಿ ಎರಡರಿಂದ ಮೂರಕ್ಕೆ ಹೋಯಿತೆನ್ನಿ, ಇಂಜಿನ್ 1,900ರಿಂದ 1,250ಕ್ಕೆ ಇಳಿಯುತ್ತದೆ. ಅದೇ ಬದಲಾವಣೆ ಪೂರ್ತಿ ಒತ್ತಿದಾಗ 76 ಕಿ.ಮೀ. ವೇಗದಲ್ಲಿ ಆಗುತ್ತದೆ, ಇಂಜಿನ್ 6,000ದಿಂದ 3,950ರ ಹತ್ತಿರಕ್ಕೆ ಬರುತ್ತದೆ. ಗೇರೂ ಅದೇ, ಬಾಕ್ಸೂ ಅದೇ. ಬದಲಾದದ್ದು ನಿಮ್ಮ ಕಾಲು ಕೇಳಿದ ಎಳೆತ ಮಾತ್ರ.

ಈ ಲೆಕ್ಕ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಹೈಡ್ರಾಮ್ಯಾಟಿಕ್ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ಬಾಕ್ಸ್ ಕೊಟ್ಟಾಗ ತೀರ್ಮಾನವೆಲ್ಲ ಆಯಿಲ್ ಒತ್ತಡದ್ದೇ ಆಗಿತ್ತು. ಆ ಕಾಲದಿಂದ ಸುಮಾರು ಅರ್ಧ ಶತಮಾನ ನಡೆದ ಆ ಉಪಾಯವನ್ನು ತಿಳಿದುಕೊಂಡರೆ ಇಂದಿನದು ಸುಲಭವಾಗಿ ಅರ್ಥವಾಗುತ್ತದೆ. ಬಾಕ್ಸಿನಿಂದ ಹೊರಗೆ ಬರುವ ಶಾಫ್ಟಿನ ಜೊತೆ ಗವರ್ನರ್ ತಿರುಗುತ್ತದೆ. ಅದರಲ್ಲಿರುವ ಪುಟ್ಟ ತೂಕಗಳು ಕಾರಿನ ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮಿ, ಒಂದು ವಾಲ್ವ್ ಹೆಚ್ಚೆಚ್ಚು ತೆರೆದು, ಆಯಿಲ್ ಒತ್ತಡ ಏರಿಸುತ್ತವೆ. ಇದು ವೇಗದ ಒತ್ತಡ. ಇನ್ನೊಂದು ಕಡೆ, ಆಕ್ಸಿಲರೇಟರಿಗೆ ಕಟ್ಟಿದ ಕೇಬಲ್ಲೋ ಇಂಜಿನ್ನಿನ ವ್ಯಾಕ್ಯೂಮ್ ಕೊಳವೆಯೋ ಕಾಲಿನ ಒತ್ತಡಕ್ಕೆ ತಕ್ಕಂತೆ ಇನ್ನೊಂದು ಆಯಿಲ್ ಒತ್ತಡ ಹುಟ್ಟಿಸುತ್ತದೆ. ಅಲ್ಯೂಮಿನಿಯಂ ವಾಲ್ವ್ ಬಾಡಿಯ ರಂಧ್ರದೊಳಗೆ ಬೆರಳಿಗಿಂತ ತೆಳ್ಳಗಿನ, ಹಿಂದೆ ಮುಂದೆ ಸರಿಯುವ ಉಕ್ಕಿನ ಕಡ್ಡಿ, ಅಂದರೆ ಸ್ಪೂಲ್, ಒಂದಿರುತ್ತದೆ. ಅದರ ಒಂದು ತುದಿಯನ್ನು ವೇಗದ ಒತ್ತಡ ನೂಕುತ್ತದೆ, ಇನ್ನೊಂದು ತುದಿಯನ್ನು ಕಾಲಿನ ಒತ್ತಡವೂ ಒಂದು ಸ್ಪ್ರಿಂಗೂ ಸೇರಿ ನೂಕುತ್ತವೆ. ಹಗ್ಗ ಜಗ್ಗಾಟದಂತೆ ಇದು ನೂಕಾಟ. ವೇಗ ಗೆದ್ದರೆ ಸ್ಪೂಲ್ ಆ ಕಡೆಗೆ ಸರಿದು ಮುಂದಿನ ಗೇರಿನ ಕ್ಲಚ್ಚಿಗೆ ಆಯಿಲ್ ಬಿಡುತ್ತದೆ. ಕಾಲು ಗೆದ್ದರೆ ಹಿಂದಕ್ಕೆ ಸರಿದು ಕೆಳಗಿನ ಗೇರ್ ಬೀಳುತ್ತದೆ. ಮೇಲೆ ಬರೆದ ಓರೆ ಗೆರೆ ಇದೇ ನೂಕಾಟದ ಚಿತ್ರ.

ಇಲ್ಲಿ ಒಂದು ಸೂಕ್ಷ್ಮವಿದೆ. ಏರುವ ಗೆರೆಯೂ ಇಳಿಯುವ ಗೆರೆಯೂ ಒಂದೇ ಆಗಿದ್ದರೆ, ಗೆರೆಯ ಮೇಲೆ ಓಡುವ ಕಾರು ಪ್ರತಿ ಸೆಕೆಂಡಿಗೂ ಗೇರ್ ಬದಲಿಸುತ್ತಿತ್ತು. ಅದಕ್ಕೇ ಹಳೆಯ ಬಾಕ್ಸುಗಳಲ್ಲಿ ಸ್ಪೂಲ್ ಒಮ್ಮೆ ಸರಿದ ಮೇಲೆ ಅದನ್ನು ಹಿಂದಕ್ಕೆ ತಳ್ಳುವ ಒತ್ತಡ ತಗ್ಗುವಂತೆ ಮಾಡಿದ್ದರು. ಇಂದಿನ ಬಾಕ್ಸುಗಳಲ್ಲಿ ಪ್ರತಿ ಗೇರಿಗೂ ಎರಡು ಗೆರೆ ಬರೆದಿರುತ್ತಾರೆ: ಏರುವುದಕ್ಕೊಂದು, ಅದರ ಎಡಕ್ಕೆ ಸ್ವಲ್ಪ ದೂರದಲ್ಲಿ ಇಳಿಯುವುದಕ್ಕೊಂದು. ಪೆಡಲ್ ಶೇ. 25 ಒತ್ತಿದ್ದಾಗ ಮೂರರಿಂದ ನಾಲ್ಕಕ್ಕೆ 40 ಕಿ.ಮೀ. ವೇಗದಲ್ಲಿ ಏರಿದರೆ, ನಾಲ್ಕರಿಂದ ಮೂರಕ್ಕೆ 32ರಲ್ಲಿ ಇಳಿಯಬಹುದು. ಶೇ. 60 ಒತ್ತಿದ್ದರೆ ಏರುವುದು 68ರಲ್ಲಿ, ಇಳಿಯುವುದು 52ರಲ್ಲಿ ಎಂದಿಟ್ಟುಕೊಳ್ಳಿ. ಇವು ಉದಾಹರಣೆಯ ಅಂಕಿ, ಪ್ರತಿ ಕಂಪನಿಯದೂ ಬೇರೆ. ಈ ನಾಲ್ಕು ಅಂಕಿ ನೆನಪಿನಲ್ಲಿರಲಿ, ಘಾಟಿಯ ಉತ್ತರ ಇವುಗಳೊಳಗೇ ಇದೆ.

ನಿಮ್ಮ ಕಾರಿನಲ್ಲಿ ಗವರ್ನರ್ ಇಲ್ಲ, ಅದರ ಜಾಗದಲ್ಲಿ ಹೊರಶಾಫ್ಟಿನ ವೇಗ ಅಳೆಯುವ ಸೆನ್ಸರ್ ಇದೆ. ಕೇಬಲ್ ಬದಲು ಪೆಡಲಿನಡಿ ಪೊಸಿಷನ್ ಸೆನ್ಸರ್ ಇದೆ. ಟಾರ್ಕ್ ಕನ್ವರ್ಟರಿನಿಂದ ಬಾಕ್ಸಿನೊಳಕ್ಕೆ ಹೋಗುವ ಶಾಫ್ಟಿಗೆ ಇನ್ನೊಂದು ವೇಗದ ಸೆನ್ಸರ್, ಬಾಕ್ಸಿನ ಆಯಿಲಿನಲ್ಲಿ ಮುಳುಗಿದ ಉಷ್ಣತೆಯ ಸೆನ್ಸರ್, ಬ್ರೇಕ್ ಸ್ವಿಚ್, ಲಿವರ್ ಎಲ್ಲಿದೆ ಎಂದು ಹೇಳುವ ಸ್ವಿಚ್. ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ಇಂಜಿನ್ ಈ ಕ್ಷಣ ಎಷ್ಟು ಟಾರ್ಕ್ (ತಿರುಚುವ ಬಲ) ಕೊಡುತ್ತಿದೆ ಎಂದು ತಂತಿಯ ಮೂಲಕ ಹೇಳುತ್ತಲೇ ಇರುತ್ತದೆ. ಇದನ್ನೆಲ್ಲ ಸೆಕೆಂಡಿಗೆ ಹತ್ತಾರು ಬಾರಿ ಓದಿ ಟಿಸಿಎಂ, ಅಂದರೆ ಗೇರ್‌ಬಾಕ್ಸಿನ ಕಂಪ್ಯೂಟರ್, ಚುಕ್ಕಿಯನ್ನು ನಕ್ಷೆಯ ಮೇಲಿಟ್ಟು ನೋಡುತ್ತದೆ. ಇಕೋ ಬಟನ್ ಒತ್ತಿದರೆ ಗೆರೆಗಳು ಎಡಕ್ಕೆ ಸರಿಯುತ್ತವೆ, ಸ್ಪೋರ್ಟ್ ಒತ್ತಿದರೆ ಬಲಕ್ಕೆ. ಕೆಲವು ಕಾರುಗಳು ಪೆಡಲನ್ನು ನೀವು ಎಷ್ಟು ಒತ್ತಿದಿರಿ ಎನ್ನುವುದರ ಜೊತೆಗೆ ಎಷ್ಟು ಬೇಗ ಒತ್ತಿದಿರಿ ಎಂಬುದನ್ನೂ ಗಮನಿಸುತ್ತವೆ.

ತೀರ್ಮಾನ ಆದಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ನಿಜವಾದ ದೋಷಗಳು ಕಾಣಿಸಿಕೊಳ್ಳುವುದು ಅಲ್ಲಿ. ಎರಡರಿಂದ ಮೂರಕ್ಕೆ ಹೋಗಬೇಕು ಎನ್ನಿ. ಬಾಕ್ಸಿನೊಳಗಿನ ಹಲ್ಲುಗಾಲಿಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಬದಲಾಗುವುದು ಯಾವ ಕ್ಲಚ್ ಹಿಡಿದಿದೆ, ಯಾವುದು ಬಿಟ್ಟಿದೆ ಎಂಬುದಷ್ಟೇ. ಮೊದಲು ಟಿಸಿಎಂ ಮೂರನೇ ಗೇರಿನ ಕ್ಲಚ್ಚಿನ ಸೊಲೆನಾಯ್ಡಿಗೆ (ಕರೆಂಟಿನಿಂದ ಆಡುವ ಆಯಿಲ್ ವಾಲ್ವ್) ಕರೆಂಟ್ ಬದಲಿಸಿ ಆಯಿಲ್ ತುಂಬಿಸುತ್ತದೆ. ಪ್ಲೇಟುಗಳು ಒಂದಕ್ಕೊಂದು ತಾಗುವಷ್ಟು ಮಾತ್ರ, ಹಿಡಿಯುವಷ್ಟಲ್ಲ. ಆಮೇಲೆ ಬಿಡಬೇಕಾದ ಕ್ಲಚ್ಚಿನ ಒತ್ತಡ ಇಳಿಸುತ್ತಾ ಹಿಡಿಯಬೇಕಾದದ್ದರ ಒತ್ತಡ ಏರಿಸುತ್ತದೆ, ಒಬ್ಬರ ಕೈಯ ಕೊಡ ಇನ್ನೊಬ್ಬರ ಕೈಗೆ ದಾಟಿಸುವ ಹಾಗೆ. ಆ ಕ್ಷಣದಲ್ಲಿ ಇಸಿಯುಗೆ ಕೋರಿಕೆ ಹೋಗಿ, ಸ್ಪಾರ್ಕ್ ತಡವಾಗಿ ಹೊಡೆದು, ಇಂಜಿನ್ ಟಾರ್ಕ್ ತುಸು ತಗ್ಗುತ್ತದೆ. ಒಳಶಾಫ್ಟಿನ ವೇಗ 1,900ದಿಂದ 1,250ಕ್ಕೆ ಇಳಿದು ನಿಂತರೆ ಕೆಲಸ ಮುಗಿಯಿತು, ಆಗ ಕ್ಲಚ್ಚಿಗೆ ಪೂರ್ತಿ ಒತ್ತಡ. ಇಷ್ಟಕ್ಕೂ ಹಿಡಿಯುವುದು ಅರ್ಧ ಸೆಕೆಂಡಿನ ಆಸುಪಾಸು.

ಕೊಡ ದಾಟಿಸುವಾಗ ಒಬ್ಬರು ಬೇಗ ಬಿಟ್ಟರೆ ಇಂಜಿನ್ ಕ್ಷಣಕಾಲ ಅನಾಥವಾಗಿ ಕೂಗುತ್ತದೆ. ಇನ್ನೊಬ್ಬರು ಬೇಗ ಹಿಡಿದರೆ ಎರಡು ಗೇರ್ ಒಟ್ಟಿಗೆ ಕಚ್ಚಿದಂತಾಗಿ ಕಾರು ಮುಗ್ಗರಿಸುತ್ತದೆ. ಟಿಸಿಎಂ ಪ್ರತಿ ಬದಲಾವಣೆಯನ್ನೂ ಅಳೆದು, ಮುಂದಿನ ಸಲ ಆಯಿಲ್ ತುಂಬುವ ಹೊತ್ತನ್ನು ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತದೆ. ಪ್ಲೇಟು ಸವೆಯುತ್ತಾ ಹೋದರೂ ವರ್ಷಗಟ್ಟಲೆ ಗೇರ್ ನಯವಾಗಿ ಬೀಳುವುದು ಈ ಕಲಿಕೆಯಿಂದ. ಕೆಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದರೆ ಅಥವಾ ಟಿಸಿಎಂ ಬದಲಿಸಿದರೆ ಕಲಿತದ್ದು ಅಳಿಸಿಹೋಗಿ ಕೆಲ ದಿನ ಗೇರ್ ಒರಟಾಗಿ ಬೀಳುತ್ತದೆ. ಆಯಿಲ್ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಪೆಡಲ್ ಅಲುಗಿಸದೆ ಹಗುರವಾಗಿ ಒತ್ತಿ ಒಂದರಿಂದ ಆರರವರೆಗೆ ಏರಿಸಿ, ಮತ್ತೆ ಮೆಲ್ಲಗೆ ಬ್ರೇಕ್ ಹಿಡಿದು ನಿಲ್ಲಿಸಿ. ಹೀಗೆ ಹತ್ತು ಹದಿನೈದು ಸಲ ಮಾಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಟಿಸಿಎಂ ಜೊತೆ ಮಾತಾಡುವ ಸ್ಕ್ಯಾನರ್ ಯಂತ್ರ ಹಾಕಿ ಮಾಡಬೇಕಾದ ಕಾರುಗಳೂ ಇವೆ.

ಈಗ ಶಿರಾಡಿಗೆ ಬರೋಣ. ಐದು ಜನರೂ ಸಾಮಾನೂ ಸೇರಿ ಕಾರಿನ ತೂಕ 1,500 ಕೆ.ಜಿ., ಏರು 12 ಅಡಿಗೆ 1 ಅಡಿ, ವೇಗ 45 ಕಿ.ಮೀ. ಎಂದಿಟ್ಟುಕೊಳ್ಳಿ. ಏರಿನ ವಿರುದ್ಧ ಎಳೆಯಲು ಸುಮಾರು 1,220 ನ್ಯೂಟನ್ ಬಲ ಬೇಕು, ಟೈರಿನ ತಡೆ ಮತ್ತು ಗಾಳಿಯ ತಡೆಗೆ ಇನ್ನೊಂದು 250. ಗೇರುಗಳಲ್ಲಿ ಹತ್ತರಲ್ಲೊಂದು ಪಾಲು ಸೋರಿಹೋಗುತ್ತದೆ ಎಂದು ಕಳೆದರೆ, ಮೂರನೇ ಗೇರಿನಲ್ಲಿ ಇಂಜಿನ್ ಸುಮಾರು 83 ನ್ಯೂಟನ್ ಮೀಟರ್ ಟಾರ್ಕ್ ಕೊಡಬೇಕು. ನಾಲ್ಕನೇ ಗೇರಿನಲ್ಲಿ ಅದೇ ಕೆಲಸಕ್ಕೆ 112 ಬೇಕು. ಸಪಾಟು ರಸ್ತೆಯಲ್ಲಾದರೆ ಇದೇ ವೇಗಕ್ಕೆ ನಾಲ್ಕನೇ ಗೇರಿನಲ್ಲಿ 20ರ ಹತ್ತಿರ ಸಾಕು. ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್ ಇಂಜಿನ್ನಿಗೆ ಮೂರನೇ ಗೇರಿನ 2,330 ಆರ್‌ಪಿಎಂನಲ್ಲಿ 83 ಕೊಡುವುದು ಆರಾಮದ ಕೆಲಸ. ನಾಲ್ಕನೆಯದರ 1,730ರಲ್ಲಿ 112 ಕೊಡುವುದೆಂದರೆ ಆ ವೇಗದಲ್ಲಿ ಅದರ ಶಕ್ತಿಯೆಲ್ಲ ಹೆಚ್ಚುಕಡಿಮೆ ಮುಗಿದಂತೆ.

ಹೀಗಾಗಿ ಮೂರನೇ ಗೇರಿನಲ್ಲಿ ನೀವು ಪೆಡಲನ್ನು ಶೇ. 25ಕ್ಕಿಂತ ಸ್ವಲ್ಪ ಹೆಚ್ಚು ಒತ್ತಿ ಹತ್ತುತ್ತಿರುತ್ತೀರಿ. ವೇಗ 45 ದಾಟುತ್ತದೆ, ತಿರುವು ಕಂಡು ಕಾಲು ತುಸು ಸಡಿಲಿಸುತ್ತೀರಿ. ಚುಕ್ಕಿ ಏರುವ ಗೆರೆ ದಾಟಿತು, ನಾಲ್ಕು ಬಿತ್ತು. ಚಕ್ರಕ್ಕೆ ಸಿಗುವ ಎಳೆತ ಒಂದೇ ಏಟಿಗೆ ಕಾಲುಭಾಗ ಕಡಿಮೆ. ಕಾರು ಸೋಲುತ್ತದೆ, ನೀವು ಸಹಜವಾಗಿ ಪೆಡಲ್ ಒತ್ತುತ್ತೀರಿ, ಶೇ. 60ಕ್ಕೆ ಹೋಗುತ್ತದೆ. ಅಲ್ಲಿ ಇಳಿಯುವ ಗೆರೆ 52ರಲ್ಲಿದೆ, ನೀವು 45ರಲ್ಲಿದ್ದೀರಿ. ಮೂರು ಬಿತ್ತು. ಈಗ ಎಳೆತ ಬೇಕಾದ್ದಕ್ಕಿಂತ ಜಾಸ್ತಿ, ಕಾರು ಮುನ್ನುಗ್ಗುತ್ತದೆ, ಕಾಲು ಸಡಿಲಿಸುತ್ತೀರಿ, ಮತ್ತೆ ನಾಲ್ಕು. ಎರಡು ಗೆರೆಗಳ ನಡುವಿನ ಅಂತರ ಬಯಲಿನ ರಸ್ತೆಗೆ ಧಾರಾಳವಾಯಿತು, ಘಾಟಿಗೆ ಸಾಲಲಿಲ್ಲ. ಓಲಾಟದ ಕಾರಣ ಇಷ್ಟೇ.

ಇದನ್ನು ತಡೆಯಲೆಂದೇ ಅನೇಕ ಕಾರುಗಳ ಟಿಸಿಎಂ ಏರನ್ನು ಊಹಿಸುತ್ತದೆ. ಇಂಜಿನ್ ಇಷ್ಟು ಟಾರ್ಕ್ ಕೊಟ್ಟಿದೆ, ಸಪಾಟಿನಲ್ಲಾದರೆ ಕಾರು ಇಷ್ಟು ಬೇಗ ವೇಗ ಪಡೆಯಬೇಕಿತ್ತು, ಪಡೆದಿಲ್ಲ, ಹಾಗಾದರೆ ಏರಿರಬೇಕು ಎಂಬ ತರ್ಕ. ಆಗ ಏರುವ ಗೆರೆಯನ್ನು ಬಲಕ್ಕೆ ಸರಿಸಿ ಕೆಳಗಿನ ಗೇರನ್ನು ಹಿಡಿದಿಡುತ್ತದೆ. ಆದರೆ ಟಿಸಿಎಂ ಹೊರೆಯನ್ನು ತೂಗಿ ನೋಡಿಲ್ಲ. ಒಬ್ಬರೇ ಕೂತ ಕಾರು ಕಡಿದಾದ ಏರಿನಲ್ಲಿದೆಯೋ, ಐದು ಜನ ಕೂತ ಕಾರು ಸಾಧಾರಣ ಏರಿನಲ್ಲಿದೆಯೋ ಎಂಬುದು ಅದಕ್ಕೆ ಹೆಚ್ಚುಕಡಿಮೆ ಒಂದೇ. ಜೊತೆಗೆ ಘಾಟಿಯಲ್ಲಿ ಏರು ಪ್ರತಿ ತಿರುವಿಗೂ ಬದಲಾಗುತ್ತದೆ. ಊಹೆ ಗಟ್ಟಿಯಾಗುವಷ್ಟರಲ್ಲಿ ರಸ್ತೆಯೇ ಬೇರೆಯಾಗಿರುತ್ತದೆ.

ನೀವು ಓಲಾಟ ಅಂದದ್ದರಲ್ಲಿ ಒಂದು ಪಾಲು ಗೇರಿನದೇ ಅಲ್ಲದಿರಬಹುದು. ಟಾರ್ಕ್ ಕನ್ವರ್ಟರಿನೊಳಗೆ ಇಂಜಿನ್ನಿನ ಶಕ್ತಿ ಆಯಿಲಿನ ಮೂಲಕ ದಾಟುತ್ತದೆ, ಅಲ್ಲಿ ಸ್ವಲ್ಪ ಜಾರುವಿಕೆ ಇದ್ದೇ ಇರುತ್ತದೆ. ಜಾರದಂತೆ ನೇರ ಹಿಡಿಯಲು ಲಾಕಪ್ ಕ್ಲಚ್ ಇದೆ, ಅದು ಹಿಡಿಯುವ ಬಿಡುವ ಹೊತ್ತಿಗೂ ನಕ್ಷೆಯಲ್ಲಿ ಗೆರೆಗಳಿವೆ. ಇಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 45 ಕಿ.ಮೀ. ವೇಗದಲ್ಲಿ ಮುಳ್ಳು 2,300ರಿಂದ 1,700ಕ್ಕೆ ಬಿದ್ದರೆ ಗೇರ್ ಬದಲಾಗಿದೆ. 200–300ರಷ್ಟು ಮಾತ್ರ ಆಚೀಚೆಯಾದರೆ ಲಾಕಪ್ ಹಿಡಿದು ಬಿಡುತ್ತಿದೆ.

ಪರಿಹಾರ ನಿಮ್ಮ ಕೈಯಲ್ಲಿದೆ. ಗುಂಡ್ಯ ದಾಟಿ ಏರು ಶುರುವಾಗುತ್ತಿದ್ದಂತೆ ಲಿವರನ್ನು ಎಂ (ಮ್ಯಾನುಯಲ್) ಕಡೆಗೆ ಹಾಕಿ ಮೂರಕ್ಕೆ ಕಟ್ಟಿಬಿಡಿ. ಬಿಗಿ ತಿರುವಿನಲ್ಲಿ ವೇಗ 25ರ ಕೆಳಗಿಳಿದರೆ ಎರಡು. ಸ್ಟೀರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇದ್ದರೂ ಲಿವರ್ ಡಿಯಲ್ಲೇ ಇಟ್ಟು ಅದನ್ನು ಬಳಸುವುದು ಘಾಟಿಗೆ ಆಗದು. ಬಹಳ ಕಾರುಗಳಲ್ಲಿ ಕೆಲ ಸೆಕೆಂಡಿನಲ್ಲೇ ಟಿಸಿಎಂ ಅಧಿಕಾರ ವಾಪಸ್ ಪಡೆಯುತ್ತದೆ. ಎಂನಲ್ಲಿ ಹಾಕಿದರೆ ಬಾಕ್ಸ್ ಹಾಳಾಗುತ್ತದೆಂಬ ಹೆದರಿಕೆ ಬೇಡ. ನೀವು ತಪ್ಪು ಕೇಳಿದರೂ ಅದು ಕೊಡುವುದಿಲ್ಲ. 80ರ ವೇಗದಲ್ಲಿ ಒಂದನೇ ಗೇರ್ ಕೇಳಿದರೆ ಇಂಜಿನ್ 11,000 ಆರ್‌ಪಿಎಂ ತಿರುಗಬೇಕಾಗುತ್ತದೆ, ಟಿಸಿಎಂ ಒಪ್ಪುವುದಿಲ್ಲ. ತೀರಾ ನಿಧಾನವಾದರೆ ಸಾಮಾನ್ಯವಾಗಿ ತಾನೇ ಗೇರ್ ಇಳಿಸಿಕೊಳ್ಳುತ್ತದೆ. ಮೂರರಲ್ಲಿ ಇಂಜಿನ್ 2,500ರಲ್ಲಿ ಗುನುಗುತ್ತಿದ್ದರೆ ಅದಕ್ಕೆ ಕಷ್ಟವೆಂದು ತಿಳಿಯಬೇಡಿ. ನಾಲ್ಕರಲ್ಲಿ 1,700ರಲ್ಲಿ ಪೂರ್ತಿ ಪೆಡಲ್ ಒತ್ತಿಸಿಕೊಂಡು ಏದುಸಿರು ಬಿಡುವುದೇ ಅದಕ್ಕೆ ಹೆಚ್ಚಿನ ಹೊರೆ.

ಏರಿನಲ್ಲಿ ವಾಹನಗಳು ಸಾಲಾಗಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ. ಚಕ್ರ ತಿರುಗದೆ ಇಂಜಿನ್ ಮಾತ್ರ ತಿರುಗಿದರೆ ಅದರ ಶಕ್ತಿಯೆಲ್ಲ ಕನ್ವರ್ಟರಿನೊಳಗಿನ ಆಯಿಲಿಗೆ ಶಾಖವಾಗಿ ಸೇರುತ್ತದೆ. ಗ್ಯಾರೇಜಿನಲ್ಲಿ ಪರೀಕ್ಷೆಗೆಂದು ಹೀಗೆ ಮಾಡುವಾಗಲೂ ಐದು ಸೆಕೆಂಡು ಮೀರಬಾರದೆಂಬ ನಿಯಮವಿದೆ. ಬ್ರೇಕ್ ಒತ್ತಿ ನಿಲ್ಲಿ.

ಇಳಿಯುವ ಮಾತು ಇದಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿ ಜೀವದ ಪ್ರಶ್ನೆಯಿದೆ. ಸಕಲೇಶಪುರದಿಂದ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದಿರುತ್ತೀರಿ. ನಕ್ಷೆಯಲ್ಲಿ ಚುಕ್ಕಿ ತೀರ ಕೆಳಗೆ, ಅಡ್ಡಗೆರೆಗೆ ಅಂಟಿಕೊಂಡು, ಬಲಕ್ಕೆ ಓಡುತ್ತಿರುತ್ತದೆ. ಟಿಸಿಎಂ ಅದನ್ನು ಓದುವುದು ಹೀಗೆ: ವೇಗ ಇದೆ, ಎಳೆತ ಬೇಡವಂತೆ, ಹಾಗಾದರೆ ದೊಡ್ಡ ಗೇರ್ ಹಾಕಿ ಪೆಟ್ರೋಲ್ ಉಳಿಸೋಣ. ಐದೋ ಆರೋ ಬೀಳುತ್ತದೆ, ಇಂಜಿನ್ನಿನ ಹಿಡಿತ ಮಾಯವಾಗುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕ್ ಒತ್ತಿದ್ದನ್ನೂ ವೇಗ ಇಳಿಯದ್ದನ್ನೂ ಕಂಡು ತಾನೇ ಗೇರ್ ಇಳಿಸುವ ಜಾಣ ಕಾರುಗಳಿವೆ. ಅದನ್ನು ನೆಚ್ಚಿ ಕೂರಬೇಡಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋದರೆ ಪ್ಯಾಡು, ಡಿಸ್ಕು ಕಾದು, ಬ್ರೇಕ್ ಆಯಿಲಿನಲ್ಲಿ ನೀರಿನಂಶ ಸೇರಿದ್ದರೆ ಅದು ಕುದಿದು ಗುಳ್ಳೆಯೆದ್ದು, ಬ್ರೇಕ್ ಪೆಡಲ್ ನೆಲಕ್ಕೆ ಹೋಗಬಹುದು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಲಾರಿ ಚಾಲಕರು ಹೇಳುವ ಮಾತು ಆಟೊಮ್ಯಾಟಿಕ್ಕಿಗೂ ಅಷ್ಟೇ ನಿಜ. ಎಂನಲ್ಲಿ ಮೂರು, ಕಡಿದಾದ ಕಡೆ ಎರಡು. ಇಂಜಿನ್ 3,000–3,500ರಲ್ಲಿ ಕೂಗುತ್ತದೆ, ಕೂಗಲಿ. ಕಾಲು ಆಕ್ಸಿಲರೇಟರ್ ಮೇಲಿಲ್ಲದಾಗ ಅಷ್ಟು ವೇಗದಲ್ಲಿ ತಿರುಗುವ ಇಂಜಿನ್ನಿಗೆ ಇಂಜೆಕ್ಟರುಗಳು ಪೆಟ್ರೋಲನ್ನೇ ಬಿಡುವುದಿಲ್ಲ, ಹಾಗಾಗಿ ಇಂಧನದ ಚಿಂತೆಯೂ ಇಲ್ಲ. ನ್ಯೂಟ್ರಲ್ ಹಾಕಿ ಇಳಿಯುವುದು ಯಾವ ಕಾರಣಕ್ಕೂ ಬೇಡ.

ಚಳಿಯ ಬೆಳಗ್ಗೆ ಗೇರ್ ತಡವಾಗಿ ಏರುವುದು ಬೇಕೆಂದೇ ಮಾಡಿಟ್ಟ ಏರ್ಪಾಡು. ತಣ್ಣಗಿರುವ ಆಯಿಲ್ ಮಂದವಾಗಿರುತ್ತದೆ. ಆಗ ಲಾಕಪ್ ಹಿಡಿಸದೆ, ಕೆಳಗಿನ ಗೇರನ್ನು ಹೆಚ್ಚು ಹೊತ್ತು ಉಳಿಸಿ, ಇಂಜಿನ್ನನ್ನೂ ಸೈಲೆನ್ಸರಿನ ಹಾದಿಯಲ್ಲಿ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರನ್ನೂ ಬೇಗ ಬಿಸಿ ಮಾಡುತ್ತಾರೆ. ಮೂರ್ನಾಲ್ಕು ಕಿಲೋಮೀಟರಿನಲ್ಲಿ ಸರಿಹೋದರೆ ಚಿಂತೆ ಬೇಡ. ಹತ್ತು ಹದಿನೈದು ಕಿಲೋಮೀಟರು ಓಡಿದರೂ ಆರನೇ ಗೇರ್ ಬೀಳದೆ, ಟೆಂಪರೇಚರ್ ಮುಳ್ಳೂ ಮಧ್ಯಕ್ಕೆ ಬಾರದಿದ್ದರೆ ಇಂಜಿನ್ನಿನ ಥರ್ಮೋಸ್ಟಾಟ್ (ಇಂಜಿನ್ ತಂಪು ಮಾಡುವ ನೀರಿನ ಹರಿವು ನಿಯಂತ್ರಿಸುವ ವಾಲ್ವ್) ತೆರೆದುಕೊಂಡೇ ಸಿಕ್ಕಿಬಿದ್ದಿದೆಯೇ ನೋಡಿಸಿ. ಅದನ್ನು ನೋಡದೆ ಗೇರ್‌ಬಾಕ್ಸ್ ಬಿಚ್ಚುವವರಿದ್ದಾರೆ.

ನಿಜವಾದ ದೋಷದ ಗುರುತುಗಳೇ ಬೇರೆ. ಗೇರ್ ಬೀಳುವ ನಡುವೆ ಮುಳ್ಳು ಇಳಿಯುವ ಬದಲು 300–500 ಮೇಲಕ್ಕೆ ಜಿಗಿದು ಆಮೇಲೆ ಇಳಿದರೆ, ಕ್ಲಚ್ ಸಮಯಕ್ಕೆ ಹಿಡಿಯುತ್ತಿಲ್ಲ. ಆಯಿಲ್ ಕಡಿಮೆಯಿರಬೇಕು, ಇಲ್ಲವೇ ಸೊಲೆನಾಯ್ಡ್ ಅಥವಾ ಪ್ಲೇಟು ಸವೆದಿರಬೇಕು. 40ರಿಂದ 70 ಕಿ.ಮೀ. ವೇಗದಲ್ಲಿ ಹಗುರವಾಗಿ ಒತ್ತಿದಾಗ ರಸ್ತೆಯುಬ್ಬುಗಳ ಸಾಲಿನ ಮೇಲೆ ಓಡಿದಂತೆ ಗಡಗಡ ಅನ್ನಿಸಿದರೆ ಲಾಕಪ್ ಕ್ಲಚ್ಚಿನ ಮೇಲೆ ಅನುಮಾನ ಪಡಬೇಕು. ಇದಕ್ಕೊಂದು ಸುಲಭ ಪರೀಕ್ಷೆಯಿದೆ, ಆದರೆ ಖಾಲಿ ರಸ್ತೆಯಲ್ಲಿ, ಅನುಭವವಿರುವವರು ಮಾತ್ರ ಮಾಡಬೇಕು. ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಬ್ರೇಕ್ ಪೆಡಲ್ ಮುಟ್ಟಬೇಕು. ಬ್ರೇಕ್ ಸ್ವಿಚ್ಚಿನ ಸುದ್ದಿ ಕೇಳಿ ಟಿಸಿಎಂ ಲಾಕಪ್ ಬಿಟ್ಟುಬಿಡುತ್ತದೆ. ನಡುಕ ಆ ಕ್ಷಣವೇ ನಿಂತರೆ ಕಾರಣ ಅಲ್ಲೇ ಇದೆ. ಹೊಸ ಆಯಿಲ್ ಹಾಕಿದರೆ ಕೆಲವೊಮ್ಮೆ ಇದು ಪೂರ್ತಿ ಗುಣವಾಗುತ್ತದೆ.

ಎಚ್ಚರಿಕೆಯ ದೀಪ ಹತ್ತಿ ಕಾರು ಒಂದೇ ಗೇರಿನಲ್ಲಿ ಉಳಿದುಬಿಟ್ಟರೆ ಟಿಸಿಎಂ ತನ್ನ ರಕ್ಷಣೆಗೆ ಇಳಿದಿದೆ ಎಂದರ್ಥ. ಒಳಶಾಫ್ಟಿನ ವೇಗವನ್ನು ಹೊರಶಾಫ್ಟಿನ ವೇಗದಿಂದ ಭಾಗಿಸಿದರೆ ಆ ಗೇರಿನ ಅನುಪಾತ ಬರಬೇಕು. ಮೂರರಲ್ಲಿ 1.556ರ ಬದಲು 1.7 ಬಂದರೆ ಎಲ್ಲೋ ಜಾರುತ್ತಿದೆ ಎಂದು ಅದಕ್ಕೆ ಗೊತ್ತಾಗುತ್ತದೆ. ಸ್ಕ್ಯಾನರಿನಲ್ಲಿ ಪಿ 0731ರಿಂದ ಪಿ 0735ರವರೆಗಿನ ಕೋಡುಗಳು ಕ್ರಮವಾಗಿ ಒಂದರಿಂದ ಐದನೇ ಗೇರಿನ ಅನುಪಾತ ತಪ್ಪಿದ್ದನ್ನು ಹೇಳುತ್ತವೆ. ಪಿ 0715 ಒಳಶಾಫ್ಟಿನ ಸೆನ್ಸರಿನದು, ಪಿ 0720 ಹೊರಶಾಫ್ಟಿನದು, ಪಿ 0741 ಲಾಕಪ್ ಹಿಡಿಯದಿರುವುದು. ಪಿ 0700 ಒಂದೇ ಬಂದಿದ್ದರೆ ಅದು ‘ಗೇರ್‌ಬಾಕ್ಸಿನಲ್ಲಿ ಏನೋ ಇದೆ, ಟಿಸಿಎಂ ಕೇಳಿ’ ಎಂಬ ಸೂಚನೆ ಮಾತ್ರ. ಅದನ್ನು ನೋಡಿ ಯಾವ ಭಾಗವನ್ನೂ ಬದಲಿಸಬಾರದು. ಇನ್ನೊಂದು ಮಾತು: ಗೇರ್ ಒರಟಾಗಿ ಬೀಳುವುದಕ್ಕೆ ಇಂಜಿನ್ ಕಾರಣವಿರಬಹುದು. ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿ ಇಸಿಯು ಟಾರ್ಕಿನ ತಪ್ಪು ಲೆಕ್ಕ ಕೊಟ್ಟರೆ, ಟಿಸಿಎಂ ಅದಕ್ಕೆ ತಕ್ಕ ತಪ್ಪು ಒತ್ತಡವನ್ನೇ ಕ್ಲಚ್ಚಿಗೆ ಕೊಡುತ್ತದೆ.

ಹೊರಗಿನ ವ್ಯಾಸ ಹೆಚ್ಚಿರುವ ಟೈರ್ ಹಾಕಿಸುವ ಆಸೆಯಿದ್ದರೆ ಇದನ್ನೂ ತಿಳಿದಿರಿ: ಟಿಸಿಎಂ ಎಣಿಸುವುದು ಶಾಫ್ಟಿನ ಸುತ್ತು. ಟೈರಿನ ವ್ಯಾಸ ಶೇ. 5 ಹೆಚ್ಚಿದರೆ ಎಲ್ಲ ಗೇರೂ ರಸ್ತೆಯ ಮೇಲೆ ಶೇ. 5 ಹೆಚ್ಚಿನ ವೇಗದಲ್ಲಿ ಬೀಳುತ್ತದೆ, ಏರಿನಲ್ಲಿ ಎಳೆತ ಅಷ್ಟೇ ಕಡಿಮೆಯಾಗುತ್ತದೆ. ನಿಮ್ಮ ಓಲಾಟ ಜಾಸ್ತಿಯಾಗುತ್ತದೆ.

ಆಯಿಲಿನ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಸಡಿಲವಾಗಬೇಡಿ. ಪುಸ್ತಕದಲ್ಲಿ ಬರೆದಿರುವ ನಮೂನೆಯ ಎಟಿಎಫ್ (ಆಟೊಮ್ಯಾಟಿಕ್ ಬಾಕ್ಸಿನ ಆಯಿಲ್) ಬಿಟ್ಟು ಬೇರೆ ಹಾಕಿಸಕೂಡದು. ಕ್ಲಚ್ ಪ್ಲೇಟು ಎಷ್ಟು ಜಾರಿ ಎಷ್ಟು ಹಿಡಿಯಬೇಕೆಂಬುದನ್ನು ಆ ಆಯಿಲಿನ ಗುಣಕ್ಕೆ ಹೊಂದಿಸಿರುತ್ತಾರೆ. ‘ಜೀವಮಾನಕ್ಕೂ ಬದಲಿಸಬೇಕಿಲ್ಲ’ ಎಂದು ಬರೆದಿದ್ದರೂ, ಘಾಟಿಯಲ್ಲೂ ಪೇಟೆಯ ನಿಂತು ಹೊರಡುವ ಓಟದಲ್ಲೂ ಬಳಸುವ ಕಾರಿಗೆ 60,000 ಕಿ.ಮೀ. ಹೊತ್ತಿಗೆ ಬದಲಿಸುವುದು ಒಳ್ಳೆಯದೆಂದೇ ನನ್ನ ಸಲಹೆ. ಈ ಗಾತ್ರದ ಬಾಕ್ಸುಗಳಲ್ಲಿ ಒಟ್ಟು ಆರೇಳು ಲೀಟರಿನಷ್ಟು ಇದ್ದರೂ ಕೆಳಗಿನ ಬೋಲ್ಟ್ ಬಿಚ್ಚಿದಾಗ ಇಳಿಯುವುದು ಅರ್ಧದಷ್ಟು ಮಾತ್ರ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಡಿಪ್‌ಸ್ಟಿಕ್ ಇಲ್ಲದ ಬಾಕ್ಸುಗಳಲ್ಲಿ ಮಟ್ಟ ನೋಡುವುದು ಕಾರನ್ನು ಸಮತಟ್ಟಾಗಿ ಎತ್ತಿ, ಇಂಜಿನ್ ಓಡುತ್ತಿರುವಾಗ, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ತಂದು, ಆಯಿಲಿನ ಉಷ್ಣತೆ ಕಂಪನಿ ಹೇಳಿದಷ್ಟಿದ್ದಾಗ. ಬಹಳ ಬಾಕ್ಸುಗಳಿಗೆ ಅದು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಆಗ ಪ್ಲಗ್ ತೆಗೆದರೆ ಆಯಿಲ್ ಸಣ್ಣಗೆ ತೊಟ್ಟಿಕ್ಕಬೇಕು. ಬಿಸಿ ಹೆಚ್ಚಿದ್ದಾಗ ನೋಡಿದರೆ ಆಯಿಲ್ ಉಬ್ಬಿ ಹೆಚ್ಚು ಸುರಿದುಹೋಗಿ, ನಿಜದಲ್ಲಿ ಕಡಿಮೆ ಉಳಿಯುತ್ತದೆ.

ಎಎಂಟಿ ಕಾರು ಇರುವವರೂ ಇದೇ ಪ್ರಶ್ನೆ ಕೇಳುತ್ತಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಹರಡಿದ ಈ ಬಗೆಯಲ್ಲಿ ಮಾಮೂಲಿ ಮ್ಯಾನುಯಲ್ ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಆಡಿಸುತ್ತದೆ. ನಕ್ಷೆಯ ಲೆಕ್ಕ ಒಂದೇ, ಆದರೆ ಕೊಡ ದಾಟಿಸಲು ಎರಡನೆಯ ಕೈಯಿಲ್ಲ. ಕ್ಲಚ್ ಪೂರ್ತಿ ಬಿಟ್ಟು, ಗೇರ್ ಹಾಕಿ, ಮತ್ತೆ ಹಿಡಿಯಬೇಕು, ಅಷ್ಟು ಹೊತ್ತು ಎಳೆತವಿಲ್ಲ. ಏರಿನಲ್ಲಿ ತಲೆ ಮುಂದಕ್ಕೆ ಬಾಗುವುದು ಇದರಿಂದ. ಅವರಿಗಂತೂ ಘಾಟಿಯಲ್ಲಿ ಮ್ಯಾನುಯಲ್ ಮೋಡ್ ಇನ್ನೂ ಅಗತ್ಯ. ಸಿವಿಟಿಯಲ್ಲಿ, ಅಂದರೆ ಅನುಪಾತ ಮೆಟ್ಟಿಲಿಲ್ಲದೆ ಸರಾಗವಾಗಿ ಬದಲಾಗುವ ಆಟೊಮ್ಯಾಟಿಕ್ಕಿನಲ್ಲಿ, ಗೇರೇ ಇಲ್ಲದ್ದರಿಂದ ಓಲಾಟವಿಲ್ಲ, ಇಳಿಯುವಾಗ ಎಲ್ (ಲೋ) ಅಥವಾ ಎಸ್ (ಸ್ಪೋರ್ಟ್) ಹಾಕಿಕೊಂಡರಾಯಿತು.

ಮುಂದಿನ ಸಲ ಗುಂಡ್ಯದಿಂದ ಹೊರಡುವಾಗ ಪಕ್ಕದ ಸೀಟಿನವರ ಕೈಗೆ ಕಾಗದ ಪೆನ್ನು ಕೊಡಿ. ಎಂನಲ್ಲಿ ಮೂರಕ್ಕೆ ಕಟ್ಟಿ, 35, 40, 45 ಮತ್ತು 50 ಕಿ.ಮೀ. ವೇಗದಲ್ಲಿ ಮುಳ್ಳು ಎಲ್ಲಿದೆ ಎಂದು ಬರೆಸಿಕೊಳ್ಳಿ. ಆಮೇಲೆ ಹಾಸನದ ಸಪಾಟು ರಸ್ತೆಯಲ್ಲಿ ಅದೇ ಗೇರಿನಲ್ಲಿ ಅದೇ ವೇಗಗಳಿಗೆ ಇನ್ನೊಮ್ಮೆ. ಎರಡು ಪಟ್ಟಿಗಳ ನಡುವೆ 200–300ರ ವ್ಯತ್ಯಾಸ ಲಾಕಪ್‌ನದು, ಅದು ಇರುವಂಥದ್ದೇ. ಏರಿನಲ್ಲಿ ಪೆಡಲ್ ಒತ್ತಿದಷ್ಟೂ ವೇಗ ಹೆಚ್ಚದೆ ಮುಳ್ಳು ಮಾತ್ರ 500, 700 ಎಂದು ದೂರ ಸರಿಯುತ್ತಾ ಹೋದರೆ ಆ ಎರಡೂ ಪಟ್ಟಿ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ, ಒಳಶಾಫ್ಟ್ ಮತ್ತು ಹೊರಶಾಫ್ಟಿನ ವೇಗಗಳನ್ನು ಸ್ಕ್ಯಾನರಿನಲ್ಲಿ ಒಟ್ಟಿಗೆ ತೋರಿಸುವಂತೆ ಕೇಳಿ. ವಾರಂಟಿ ಇರುವಾಗಲೇ ಕೇಳಿ.